50 ಸಾವಿರದಲ್ಲಿ ಮನೆಗೊಂದು ಕಂಪ್ಯೂಟರ್: ಯಾವ ಪಾರ್ಟ್‌ಗೆ ಎಷ್ಟು ದುಡ್ಡು ಹಾಕಬೇಕು

ಅಕ್ಕನ ಮಗಳಿಗೆ ಇಂಜಿನಿಯರಿಂಗ್ ಸೀಟು ಸಿಕ್ಕಿದ ವಾರವೇ ಗುಬ್ಬಿಯಿಂದ ಫೋನು ಬಂತು. “ಮಾವ, ಒಂದು ಕಂಪ್ಯೂಟರ್ ಜೋಡಿಸಿಕೊಡ್ತೀಯಾ?” ಅಂದಳು. ಹಿಂದಿನಿಂದ ಭಾವನ ದನಿ ಕೇಳಿಸಿತು. “40 ಸಾವಿರದ ಮೇಲೆ ಒಂದು ರೂಪಾಯಿ ಇಲ್ಲ ಅಂತ ಈಗಲೇ ಹೇಳಿಬಿಡಮ್ಮ.” ಕೊನೆಗೆ ಭಾವನನ್ನು 50ಕ್ಕೆ ಒಪ್ಪಿಸಿದೆ. ಆ 10 ಸಾವಿರ ಎಲ್ಲಿಗೆ ಹೋಯಿತು, ಯಾಕೆ ಹೋಯಿತು ಅನ್ನುವುದೇ ಈ ಬರಹ.

ತುಮಕೂರಿನಲ್ಲಿ ಪರಿಚಯದವರಿಗೆ, ನೆಂಟರಿಗೆ ಕಂಪ್ಯೂಟರ್ ಜೋಡಿಸಿಕೊಡುವುದು ನನಗೆ ಹಳೇ ಚಟ. ಬಂದವರೆಲ್ಲ ಕೇಳುವ ಮೊದಲ ಪ್ರಶ್ನೆ ಒಂದೇ: “ಐ5 ಹಾಕಿಸಲಾ, ಐ7 ಹಾಕಿಸಲಾ?” ಇವು ಇಂಟೆಲ್ ಕಂಪನಿಯ ಪ್ರೊಸೆಸರ್‌ಗಳು, ಅಂದರೆ ಕಂಪ್ಯೂಟರಿನ ಮಿದುಳು. ಗೋಡೆಯ ಕರೆಂಟನ್ನು ಹದಮಾಡಿ ಒಳಗಿನ ಪಾರ್ಟ್‌ಗಳಿಗೆ ಕೊಡುವ ಡಬ್ಬ ಎಸ್ಎಂಪಿಎಸ್. ಅದು ಯಾವುದು ಹಾಕಿಸಲಿ ಅಂತ ಇವತ್ತಿನವರೆಗೆ ಒಬ್ಬರೂ ಕೇಳಿಲ್ಲ. ಆದರೆ ಕೆಟ್ಟುಹೋಗಿ ನನ್ನ ಹತ್ತಿರ ಬರುವ ಕಂಪ್ಯೂಟರ್‌ಗಳಲ್ಲಿ ಜಾಸ್ತಿ ಕೈಕೊಟ್ಟಿರುವುದು ಅದೇ. ಅಂಗಡಿಯ ಪಾಂಪ್ಲೆಟ್‌ನಲ್ಲಿ ದೊಡ್ಡದಾಗಿ ಬರೆಯದ ಪಾರ್ಟ್‌ಗಳಿಗೆ ಮೊದಲು ದುಡ್ಡು ತೆಗೆದಿಡಿ, ಪ್ರೊಸೆಸರ್ ಆಮೇಲೆ ನೋಡಿ. ಕೈ ಬಿಗಿ ಇರುವಾಗ ಇದೇ ನನ್ನ ಲೆಕ್ಕ.

ಮೊದಲು ಪೆನ್ನು ಹಾಳೆ

ಕಂಪ್ಯೂಟರ್ ಯಾತಕ್ಕೆ ಬೇಕು ಅಂತ ಬರೆಯಿರಿ. ನನ್ನ ಸೊಸೆ ಬರೆದದ್ದು ಇಷ್ಟು: ಪ್ರೋಗ್ರಾಮಿಂಗ್, ಆನ್‌ಲೈನ್ ಕ್ಲಾಸು, ಬ್ರೌಸರ್‌ನಲ್ಲಿ ಇಪ್ಪತ್ತು ಟ್ಯಾಬು. ಅವಳ ತಮ್ಮ ಕೆಳಗೆ ಪೆನ್ಸಿಲ್‌ನಲ್ಲಿ “ಗೇಮು” ಅಂತ ಸೇರಿಸಿದ. ಇಷ್ಟಕ್ಕೆ, ಪರದೆಯ ಚಿತ್ರ ಮೂಡಿಸುವ ಗ್ರಾಫಿಕ್ಸ್ ಕಾರ್ಡ್ ಬೇರೆಯಾಗಿ ಬೇಕಿಲ್ಲ. ಆ ಪಟ್ಟಿಯಿಂದಲೇ ದೊಡ್ಡ ಖರ್ಚೊಂದು ಹೊರಟುಹೋಯಿತು.

ದಿನಾ ಬ್ಯಾಗಿನಲ್ಲಿ ಹೊತ್ತುಕೊಂಡು ಹೋಗಬೇಕು ಅಂದರೆ ಲ್ಯಾಪ್‌ಟಾಪೇ ಸರಿ. ಇಲ್ಲಿಗೇ ಓದು ನಿಲ್ಲಿಸಬಹುದು. ಆದರೆ ಮನೆಯಲ್ಲೇ ಇರುತ್ತದೆ, ಇಬ್ಬರು ಮೂವರು ಬಳಸುತ್ತಾರೆ, ಐದಾರು ವರ್ಷ ಬಾಳಬೇಕು ಅಂದರೆ ಡೆಸ್ಕ್‌ಟಾಪ್ ವಾಸಿ. ಒಂದು ಪಾರ್ಟ್ ಹೋದರೆ ಅದೊಂದನ್ನೇ ಬದಲಾಯಿಸಿದರೆ ಆಯಿತು.

ಈಗ ದುಡ್ಡಿನ ಪಾಲು. ಒಂದೊಂದು ಪಾರ್ಟ್‌ನ ಬೆಲೆ ನಾನಿಲ್ಲಿ ಬರೆಯುವುದಿಲ್ಲ. 2025ರ ಕೊನೆಯಿಂದ ರ‍್ಯಾಮ್ (ಕೆಲಸ ಮಾಡುವಾಗ ಬಳಕೆಯಾಗುವ ಮೆಮೊರಿ) ಬೆಲೆ ಸಿಕ್ಕಾಪಟ್ಟೆ ಏರಿದೆ. ಎಐ ಡೇಟಾ ಸೆಂಟರ್‌ಗಳು ಮೆಮೊರಿ ಚಿಪ್‌ಗಳನ್ನು ಬಾಚಿಕೊಳ್ಳುತ್ತಿವೆ. ಎಸ್‌ಎಸ್‌ಡಿ (ಫೈಲ್‌ಗಳನ್ನು ಉಳಿಸಿಡುವ ಪಾರ್ಟ್) ಕೂಡ ಅದರ ಹಿಂದೆಯೇ ಹತ್ತಿದೆ. ಇವತ್ತು ಬರೆದ ಬೆಲೆ ಮುಂದಿನ ವಾರಕ್ಕೆ ಸುಳ್ಳಾಗುತ್ತದೆ. ಪಾಲು ಮಾತ್ರ ಹೇಳಬಲ್ಲೆ. ಪ್ರೊಸೆಸರ್ ಮತ್ತು ಮದರ್‌ಬೋರ್ಡ್ (ಎಲ್ಲ ಪಾರ್ಟ್ ಕೂರುವ ಬೋರ್ಡು) ಸೇರಿ ಹೆಚ್ಚೂಕಡಿಮೆ ಮೂರನೇ ಒಂದು ಭಾಗ. ರ‍್ಯಾಮ್ ಮತ್ತು ಎಸ್‌ಎಸ್‌ಡಿಗೆ ಇನ್ನೊಂದು ಭಾಗ. ಉಳಿದದ್ದರಲ್ಲಿ ಮಾನಿಟರ್, ಎಸ್ಎಂಪಿಎಸ್, ಕ್ಯಾಬಿನೆಟ್, ಯುಪಿಎಸ್, ಕೀಬೋರ್ಡ್, ಮೌಸ್. ಕೊನೆಯ ಭಾಗದಲ್ಲಿ ಹೆಸರುಗಳು ಜಾಸ್ತಿ ಇವೆ, ಅಲ್ವಾ? ಅದಕ್ಕೇ ಎಲ್ಲರೂ ಅಲ್ಲೇ ಕತ್ತರಿ ಹಾಕುತ್ತಾರೆ. ಹಾಕಬೇಡಿ.

“ಐ7 ಕಂಪ್ಯೂಟರ್, ಬರೀ 15 ಸಾವಿರ”

ಇಂಥ ಜಾಹೀರಾತು ನಿಮ್ಮ ಫೋನಿಗೂ ಬಂದಿರುತ್ತದೆ. ಸುಳ್ಳಲ್ಲ, ಒಳಗೆ ಐ7 ಇರುತ್ತದೆ. ಆದರೆ ಯಾವ ಕಾಲದ್ದು? ಐ7 ಆದಮೇಲೆ ಬರುವ ನಂಬರ್ ನೋಡಿ. ಐ7-2600 ಅಂದರೆ ಎರಡನೇ ತಲೆಮಾರಿನದು, 2011ರಲ್ಲಿ ಬಂದದ್ದು. ಐ7-3770 ಅಂದರೆ ಮೂರನೆಯದು. ಐ3-12100 ಅಂದರೆ ಹನ್ನೆರಡನೆಯದು, 2022ರದ್ದು. ಈ ಬಡ ಐ3 ಆ ಐ7ಗಳನ್ನು ಆರಾಮಾಗಿ ಹಿಂದೆ ಹಾಕುತ್ತದೆ, ಕರೆಂಟೂ ಕಡಿಮೆ ಎಳೆಯುತ್ತದೆ.

ಇನ್ನೊಂದು ತೊಡಕಿದೆ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ಸರಿಯಾಗಿ ಹಾಕಬೇಕು ಅಂದರೆ ಇಂಟೆಲ್‌ನಲ್ಲಿ ಎಂಟನೇ ತಲೆಮಾರು ಅಥವಾ ಅದಕ್ಕಿಂತ ಹೊಸದು ಇರಬೇಕು. ಬೋರ್ಡಿನಲ್ಲಿ ಟಿಪಿಎಂ 2.0 ಅನ್ನುವ ಸುರಕ್ಷತೆಯ ವ್ಯವಸ್ಥೆ ಬೇಕು. ಹಳೇ ಐ7ಗೆ ಏನೇನೋ ತಂತ್ರ ಮಾಡಿ ಹಾಕಿಕೊಡುತ್ತಾರೆ. ಮುಂದೆ ಯಾವ ಅಪ್‌ಡೇಟ್‌ನಲ್ಲಿ ಅದು ಮೊಂಡು ಹಿಡಿಯುತ್ತದೋ ಯಾರಿಗೂ ಗೊತ್ತಿಲ್ಲ.

ಹಾಗಂತ ಹಳೇ ಮಾಲೆಲ್ಲ ಕೆಟ್ಟದ್ದು ಅಂತಲ್ಲ. ನಿಮ್ಮ ಕೈಯಲ್ಲಿ 20 ಸಾವಿರವಷ್ಟೇ ಇದ್ದರೆ ಹೊಸದು ಜೋಡಿಸಲು ಹೋಗಲೇಬೇಡಿ. ಬೆಂಗಳೂರಿನ ಕಂಪನಿಗಳಿಂದ ಹೊರಬರುವ ಡೆಲ್, ಎಚ್‌ಪಿ, ಲೆನೊವೊ ಆಫೀಸ್ ಡೆಸ್ಕ್‌ಟಾಪ್‌ಗಳು ರೀಫರ್ಬಿಶ್ಡ್ (ಸರಿಮಾಡಿ ಮತ್ತೆ ಮಾರುವ ಹಳೇ ಮಾಲು) ಆಗಿ ಸಿಗುತ್ತವೆ. ಎಂಟನೇ ತಲೆಮಾರಿನ ಐ5 ಇರುವುದು ಸಿಕ್ಕರೆ ಒಳ್ಳೇ ಮಾಲು. ಒಂದೇ ತೊಂದರೆ: ಅವುಗಳ ಎಸ್ಎಂಪಿಎಸ್, ಬೋರ್ಡು ಎಲ್ಲ ಆ ಕಂಪನಿಯದೇ ಅಳತೆ. ನಾಳೆ ಒಂದು ಕೆಟ್ಟರೆ ಅಂಗಡಿಯ ಮಾಮೂಲಿ ಎಸ್ಎಂಪಿಎಸ್ ಅದರೊಳಗೆ ಕೂರುವುದಿಲ್ಲ.

ಎಸ್ಎಂಪಿಎಸ್: ಇಲ್ಲಿ ಸ್ವಲ್ಪ ನಿಲ್ಲೋಣ

2013ರಲ್ಲಿ ನಾನು ಮೊದಲ ಸಲ ಸ್ವಂತಕ್ಕೆ ಜೋಡಿಸಿದ್ದು. ಕ್ಯಾಬಿನೆಟ್ ತಗೊಂಡರೆ ಎಸ್ಎಂಪಿಎಸ್ ಫ್ರೀ ಅಂದರು. ಖುಷಿಯಾಗಿ ತಂದೆ. ಮುಂದಿನ ಮೇ ತಿಂಗಳ ಒಂದು ಸಂಜೆ, ಗುಡುಗು ಮಳೆ, ಕರೆಂಟು ಹೋಯಿತು, ಬಂತು, ಮತ್ತೆ ಹೋಯಿತು. ಮೂರನೇ ಸಲ ಬಂದಾಗ “ಟಪ್” ಅಂತ ಒಂದು ಸದ್ದು, ಸುಟ್ಟ ವಾಸನೆ. ಎಸ್ಎಂಪಿಎಸ್ ಒಂದೇ ಹೋಗಿದ್ದರೆ ಅಳುತ್ತಿರಲಿಲ್ಲ. ಜೊತೆಗೆ ಮದರ್‌ಬೋರ್ಡನ್ನೂ ಹಾರ್ಡ್‌ಡಿಸ್ಕನ್ನೂ ಕರೆದುಕೊಂಡು ಹೋಯಿತು. ಅಂಗಡಿಯಲ್ಲಿ ಕೇಳಿದರೆ, “ಸಾರ್, ಫ್ರೀ ಕೊಟ್ಟಿದ್ದಕ್ಕೆಲ್ಲ ವಾರಂಟಿ ಇರಲ್ಲ” ಅಂದರು. ಅವರು ಹೇಳಿದ್ದರಲ್ಲೂ ತಪ್ಪೇನಿಲ್ಲ.

ಅಂದಿನಿಂದ ಡಬ್ಬದ ಮೇಲಿನ ದೊಡ್ಡ ಅಂಕಿ ನಂಬುವುದು ಬಿಟ್ಟೆ. ನೀವೂ ಹೀಗೆ ಮಾಡಿ. ಎಸ್ಎಂಪಿಎಸ್ ಕೈಗೆ ಎತ್ತಿಕೊಳ್ಳಿ. ಪಕ್ಕದಲ್ಲಿ ಅಂಟಿಸಿರುವ ಲೇಬಲ್ ಓದಿ. ಅದರಲ್ಲಿ +3.3ವಿ, +5ವಿ, +12ವಿ ಅಂತ ಕಾಲಂ ಇರುತ್ತವೆ. ನಿಮಗೆ ಬೇಕಾದ್ದು +12ವಿ ಕೆಳಗಿನ ಆಂಪ್ ಎಷ್ಟು ಅನ್ನುವುದು. ಅದನ್ನು 12ರಿಂದ ಗುಣಿಸಿ. ಡಬ್ಬದ ಮೇಲೆ “450 ವ್ಯಾಟ್” ಅಂತಿದ್ದು ಲೇಬಲ್‌ನಲ್ಲಿ 16 ಆಂಪ್ ಇದ್ದರೆ ಲೆಕ್ಕ 192 ವ್ಯಾಟ್. ಪ್ರೊಸೆಸರ್, ಗ್ರಾಫಿಕ್ಸ್ ಕಾರ್ಡ್ ಎರಡೂ ಊಟ ಮಾಡುವುದು ಈ 12 ವೋಲ್ಟ್ ಲೈನಿನಿಂದಲೇ. ಅಂದರೆ 450 ಅನ್ನುವುದು ಸುಮ್ನೆ ಅಲಂಕಾರಕ್ಕೆ. ಒಳ್ಳೇ 450 ವ್ಯಾಟಿನ ಎಸ್ಎಂಪಿಎಸ್‌ನಲ್ಲಿ ಇದೇ ಜಾಗದಲ್ಲಿ 34–36 ಆಂಪ್ ಬರೆದಿರುತ್ತದೆ. ತೂಕವೂ ಕೈಗೆ ಗೊತ್ತಾಗುತ್ತದೆ. ಫ್ರೀ ಎಸ್ಎಂಪಿಎಸ್ ಖಾಲಿ ಟಿಫನ್ ಡಬ್ಬಿಯಂತೆ ಇರುತ್ತದೆ.

“80 ಪ್ಲಸ್” ಅನ್ನುವ ಗುರುತು ಇರುವುದನ್ನೇ ತಗೊಳ್ಳಿ. ಗೋಡೆಯಿಂದ ಎಳೆದ ಕರೆಂಟಿನಲ್ಲಿ ಕನಿಷ್ಠ 80% ಕಂಪ್ಯೂಟರ್‌ಗೆ ತಲುಪುತ್ತದೆ, ಉಳಿದದ್ದಷ್ಟೇ ಬಿಸಿಯಾಗಿ ಹೋಗುತ್ತದೆ ಅಂತ ಅದರ ಅರ್ಥ. ಅದರಲ್ಲೇ ಬ್ರಾಂಜ್ ದರ್ಜೆಯದು ಸಿಕ್ಕರೆ ಇನ್ನೂ ಒಳ್ಳೆಯದು. ಗೋಲ್ಡ್ ನಮ್ಮ ಬಜೆಟ್ಟಿಗೆ ಬೇಡ. ಗ್ರಾಫಿಕ್ಸ್ ಕಾರ್ಡ್ ಇಲ್ಲದ ಕಂಪ್ಯೂಟರ್‌ಗೆ 450 ವ್ಯಾಟ್ ಧಾರಾಳ. ಮುಂದೆ ಕಾರ್ಡ್ ಹಾಕುವ ಆಸೆಯಿದ್ದರೆ 550 ನೋಡಿ, ಕಾರ್ಡಿಗೆ ಬೇಕಾಗುವ 8 ಪಿನ್ ಕೇಬಲ್ ಇದೆಯಾ ಅಂತಲೂ ನೋಡಿ.

ಅರ್ತಿಂಗ್ ಮತ್ತು ಯುಪಿಎಸ್

ಪಾರ್ಟ್‌ಗಳ ಪಟ್ಟಿಯಲ್ಲಿ ಅರ್ತಿಂಗ್ ಯಾಕೆ ಅಂತೀರಾ? ಗುಬ್ಬಿಯ ಮನೆ ಹಳೆಯದು. ಮೊದಲು ಅಲ್ಲಿ ಒಂದು ಹಳೇ ಕಂಪ್ಯೂಟರ್ ಇತ್ತು. ಬರಿಗಾಲಲ್ಲಿ ನಿಂತು ಕ್ಯಾಬಿನೆಟ್ಟಿನ ಹಿಂದಿನ ಸ್ಕ್ರೂ ಮುಟ್ಟಿದರೆ ಕೈ ಜುಮ್ ಅನ್ನುತ್ತಿತ್ತು. “ಅದು ಮೊದಲಿಂದಲೂ ಹಾಗೇ ಕಣೋ” ಅಂತ ಅಕ್ಕ. ಎಸ್ಎಂಪಿಎಸ್ ಒಳಗೆ ಗಲಾಟೆ ಕರೆಂಟನ್ನು ಭೂಮಿಗೆ ಕಳಿಸುವ ಪುಟ್ಟ ಕೆಪ್ಯಾಸಿಟರ್‌ಗಳು ಇರುತ್ತವೆ. ಸಾಕೆಟ್ಟಿನ ಮೂರನೇ ತೂತಿಗೆ ಭೂಮಿಯೇ ಸಿಗದಿದ್ದರೆ ಆ ಕರೆಂಟು ಕ್ಯಾಬಿನೆಟ್ಟಿನ ಮೈಮೇಲೆ ನಿಲ್ಲುತ್ತದೆ. ಅದು 230 ವೋಲ್ಟಿನ ಹತ್ತಿರ ಹತ್ತಿರ ಅರ್ಧದಷ್ಟು. ಆಂಪ್ ತೀರಾ ಕಡಿಮೆ ಇರುವುದರಿಂದ ಜುಮ್ ಅನ್ನಿಸಿ ಬಿಡುತ್ತದೆ, ಅಷ್ಟೇ.

ವೈರಿಂಗ್ ಮಾಡುವವರನ್ನು ಕರೆಸಿ. ಮಲ್ಟಿಮೀಟರ್‌ನಲ್ಲಿ ಫೇಸ್ ಮತ್ತು ನ್ಯೂಟ್ರಲ್ ನಡುವೆ 230ರ ಆಸುಪಾಸು ಬರಬೇಕು. ಫೇಸ್ ಮತ್ತು ಅರ್ತ್ ನಡುವೆಯೂ ಅಷ್ಟೇ ಬರಬೇಕು. ನ್ಯೂಟ್ರಲ್ ಮತ್ತು ಅರ್ತ್ ನಡುವೆ ಒಂದೆರಡು ವೋಲ್ಟ್ ಮಾತ್ರ. ಅಕ್ಕನ ಮನೆಯಲ್ಲಿ ಕೊನೆಯದು ಏನೇನೋ ಅಂಕಿ ತೋರಿಸಿತು. ಬಚ್ಚಲ ಹಿಂದೆ ಗುಂಡಿ ತೆಗೆಸಿ, ಇದ್ದಿಲು ಉಪ್ಪು ತುಂಬಿಸಿ ಹೊಸ ಅರ್ತಿಂಗ್ ಹಾಕಿಸಿದೆವು. ಭಾವ ಬೇಡ ಅಂದಿದ್ದ ಆ 10 ಸಾವಿರದಲ್ಲಿ ಮೊದಲ ಕಂತು ಹೋದದ್ದು ಇಲ್ಲಿಗೆ. ಕರೆಂಟಿನ ಅಭ್ಯಾಸವಿಲ್ಲದವರು ಈ ಅಳತೆಯನ್ನು ತಾವೇ ಮಾಡಲು ಹೋಗಬೇಡಿ.

ಯುಪಿಎಸ್ ವಿಷಯ ಸುಲಭ. 600 ವಿಎ ಯುಪಿಎಸ್ ಸಾಮಾನ್ಯವಾಗಿ 360 ವ್ಯಾಟ್ ಕೊಡುತ್ತದೆ. ನಾವು ಜೋಡಿಸುತ್ತಿರುವ ಕಂಪ್ಯೂಟರ್, ಮಾನಿಟರ್ ಸೇರಿ 150 ವ್ಯಾಟ್ ಮುಟ್ಟುವುದೂ ಅಪರೂಪ. ಕರೆಂಟು ಹೋದಮೇಲೆ ಹತ್ತು ಹದಿನೈದು ನಿಮಿಷ ಸಿಗುತ್ತದೆ. ಬರೆಯುತ್ತಿದ್ದದ್ದನ್ನು ಸೇವ್ ಮಾಡಿ ಆಫ್ ಮಾಡಲು ಸಾಕು. ಒಳಗಿರುವುದು 12 ವೋಲ್ಟ್ 7 ಎಎಚ್ ಬ್ಯಾಟರಿ. ಎರಡು ಮೂರು ವರ್ಷಕ್ಕೊಮ್ಮೆ ಬದಲಾಯಿಸಬೇಕು, ಬ್ಯಾಟರಿ ಮಾತ್ರ ಸಿಗುತ್ತದೆ, ಯುಪಿಎಸ್ಸನ್ನೇ ಎಸೆಯಬೇಡಿ. ಲೇಸರ್ ಪ್ರಿಂಟರ್ ಇದ್ದರೆ ಅದನ್ನು ಯುಪಿಎಸ್‌ಗೆ ಹಾಕಬೇಡಿ, ಬಿಸಿಯಾಗುವಾಗ ಅದು ಎಳೆಯುವ ಕರೆಂಟನ್ನು ಇಷ್ಟು ಸಣ್ಣದು ತಡೆಯುವುದಿಲ್ಲ.

ಭಾವನಿಗೆ ಇನ್ನೊಂದು ಭಯ ಇತ್ತು. ಇದರಿಂದ ಗೃಹಜ್ಯೋತಿಯ 200 ಯೂನಿಟ್ ದಾಟಿ ಪೂರಾ ಬಿಲ್ ಬಂದುಬಿಟ್ಟರೆ? ಕೂತು ಲೆಕ್ಕ ಹಾಕಿದೆವು. 100 ವ್ಯಾಟ್, ದಿನಕ್ಕೆ 5 ಗಂಟೆ ಅಂದರೆ ಅರ್ಧ ಯೂನಿಟ್. ತಿಂಗಳಿಗೆ 15. ಹಳೇ ಬಿಲ್‌ಗಳನ್ನು ತೆಗೆದು ನೋಡಿ ಭಾವ ಸುಮ್ಮನಾದರು.

ಪ್ರೊಸೆಸರ್ ಮತ್ತು ಬೋರ್ಡ್

ಈಗ ಬನ್ನಿ, ಎಲ್ಲರೂ ಕಾಯುವ ಜಾಗಕ್ಕೆ. ನಮ್ಮ ಬಜೆಟ್ಟಿನಲ್ಲಿ ಎರಡು ದಾರಿ ಇವೆ.

ಒಂದು, ಇಂಟೆಲ್ ಐ3-12100. ನಾಲ್ಕು ಕೋರ್ (ಕೆಲಸ ಮಾಡುವ ಘಟಕ), ಎಂಟು ಥ್ರೆಡ್ (ಒಟ್ಟಿಗೆ ನಡೆಸಬಲ್ಲ ಕೆಲಸ). ಓದು, ಆಫೀಸ್ ಕೆಲಸ, ಪ್ರೋಗ್ರಾಮಿಂಗ್ ಕಲಿಯಲು ಚುರುಕಾಗಿದೆ. ಒಳಗೇ ಇರುವ ಗ್ರಾಫಿಕ್ಸ್ ವಿಡಿಯೋ ನೋಡಲು ಸಾಕು, ಗೇಮಿಗೆ ಸಾಲದು. ಇನ್ನೊಂದು, ಎಎಂಡಿಯ ರೈಜನ್ 5 5600ಜಿ. ಆರು ಕೋರ್, ಹನ್ನೆರಡು ಥ್ರೆಡ್, 65 ವ್ಯಾಟ್. ಇದರ ಒಳಗಿನ ವೇಗಾ ಗ್ರಾಫಿಕ್ಸ್ ಸ್ವಲ್ಪ ಗಟ್ಟಿ. ವ್ಯಾಲರಂಟ್‌ನಂಥ ಗೇಮ್‌ಗಳು ಕಾರ್ಡ್ ಇಲ್ಲದೆ ಓಡುತ್ತವೆ. ಪೆನ್ಸಿಲ್‌ನಲ್ಲಿ ಬರೆದವನ ಆಸೆಯನ್ನೂ ಲೆಕ್ಕಕ್ಕೆ ತಗೊಂಡು ನಾನು 5600ಜಿಗೆ ಹೋದೆ. ಮನೆಯಲ್ಲಿ ಗೇಮ್ ಆಡುವವರು ಇಲ್ಲದಿದ್ದರೆ 12100 ಹಾಕಿ, ಉಳಿದ ದುಡ್ಡನ್ನು ಮಾನಿಟರಿಗೆ ಹಾಕುತ್ತಿದ್ದೆ.

ಇಲ್ಲಿ ಒಂದೇ ಒಂದು ಅಕ್ಷರ ಜನರನ್ನು ಮೋಸ ಮಾಡುತ್ತದೆ. 12100 ಬೇರೆ, 12100ಎಫ್ ಬೇರೆ. ಇಂಟೆಲ್‌ನಲ್ಲಿ ಕೊನೆಗೆ ಎಫ್ ಇದ್ದರೆ ಒಳಗೆ ಗ್ರಾಫಿಕ್ಸ್ ಇಲ್ಲ ಅಂತ ಅರ್ಥ. ಬೇರೆ ಕಾರ್ಡ್ ಇಲ್ಲದೆ ಪರದೆಯಲ್ಲಿ ಏನೂ ಬರುವುದಿಲ್ಲ. ಅಗ್ಗ ಅಂತ ಎಫ್ ತಂದು, ಮನೆಗೆ ಬಂದು ಜೋಡಿಸಿ, ಕಪ್ಪು ಪರದೆ ನೋಡುತ್ತಾ ಕೂತವರನ್ನು ನೋಡಿದ್ದೇನೆ. ಎಎಂಡಿಯಲ್ಲೂ ಹೀಗೇ: 5600ಜಿಯಲ್ಲಿ ಗ್ರಾಫಿಕ್ಸ್ ಇದೆ, ಬರೀ 5600ರಲ್ಲಿ ಇಲ್ಲ.

ಎಎಂಡಿಯಲ್ಲಿ ಎಎಂ5 ಅಂತ ಹೊಸ ಸಾಕೆಟ್ (ಬೋರ್ಡಿನಲ್ಲಿ ಪ್ರೊಸೆಸರ್ ಕೂರುವ ಜಾಗ) ಇದೆಯಲ್ಲ, ಅದೇ ಯಾಕಲ್ಲ? ಅದಕ್ಕೆ ಹೊಸ ತಲೆಮಾರಿನ ಡಿಡಿಆರ್5 ರ‍್ಯಾಮ್ ಮಾತ್ರ ಆಗುತ್ತದೆ. ಬೋರ್ಡೂ ದುಬಾರಿ. ಮುಂದೆ ಪ್ರೊಸೆಸರ್ ಮಾತ್ರ ಬದಲಾಯಿಸಿ ಮೇಲೇರುವ ಯೋಚನೆ ಇದ್ದವರಿಗೆ ಅದು ಸರಿ. ನಮ್ಮ ಮನೆಗಳಲ್ಲಿ ಕಂಪ್ಯೂಟರ್ ತಂದಮೇಲೆ ಅದು ಸಾಯುವವರೆಗೆ ಯಾರೂ ಮುಚ್ಚಳ ತೆಗೆಯುವುದಿಲ್ಲ. ಹಾಗಾಗಿ 5600ಜಿ ಕೂರುವ, 2016ರಲ್ಲಿ ಬಂದ ಎಎಂ4 ಸಾಕೆಟ್ಟೇ ಸಾಕು ಅಂತ ನನ್ನ ಅಭಿಪ್ರಾಯ.

ಬೋರ್ಡು: 12100ಗೆ ಎಚ್610. 5600ಜಿಗೆ ಎ520, ಇಲ್ಲವೇ ಸ್ವಲ್ಪ ಜಾಸ್ತಿ ಕೊಟ್ಟರೆ ಬಿ550. ಎಚ್610ರಲ್ಲಿ ಡಿಡಿಆರ್4 ಬೋರ್ಡೂ ಇದೆ, ಡಿಡಿಆರ್5 ಬೋರ್ಡೂ ಇದೆ. ಡಬ್ಬದ ಮೇಲೆ ಓದದೆ ತಂದರೆ ರ‍್ಯಾಮ್ ಕೂರುವುದೇ ಇಲ್ಲ, ಎರಡರ ಗೀರು ಬೇರೆ ಬೇರೆ ಕಡೆ ಇರುತ್ತದೆ. ಎಎಂಡಿ ಬೋರ್ಡ್ ಹಳೇ ಸ್ಟಾಕ್ ಆಗಿದ್ದರೆ, ಅದರಲ್ಲೂ ಬಿ450 ಆದರೆ, “ಈ ಪ್ರೊಸೆಸರಿಗೆ ಬಯಾಸ್ ಅಪ್‌ಡೇಟ್ ಆಗಿದೆಯಾ?” ಅಂತ ಕೇಳಿ. ಬಯಾಸ್ ಅಂದರೆ ಬೋರ್ಡಿನೊಳಗೇ ಇರುವ ಮೂಲ ಸಾಫ್ಟ್‌ವೇರ್. ಆಗಿಲ್ಲದಿದ್ದರೆ ಅಂಗಡಿಯಲ್ಲೇ ಮಾಡಿಸಿ. ಬೋರ್ಡಿನ ಹಿಂಬದಿಯಲ್ಲಿ ಎಚ್‌ಡಿಎಂಐ ಇದೆಯಾ, ಬೋರ್ಡಿನ ಮೇಲೆ ಎಸ್‌ಎಸ್‌ಡಿ ಕೂರುವ ಎಂ.2 ಸ್ಲಾಟ್ ಇದೆಯಾ ನೋಡಿ. ಉಳಿದ ಬಣ್ಣದ ದೀಪಗಳಿಗೆ ಒಂದು ರೂಪಾಯಿಯೂ ಜಾಸ್ತಿ ಕೊಡಬೇಡಿ.

ಇಂಟೆಲ್ ಬೋರ್ಡ್ ತಗೊಂಡರೆ ಅಂಗಡಿಯಿಂದ ಹೊರಡುವ ಮೊದಲು ಸಾಕೆಟ್ಟಿನ ಪ್ಲಾಸ್ಟಿಕ್ ಮುಚ್ಚಳ ತೆಗೆಸಿ ಫೋನಿನ ಟಾರ್ಚ್ ಹಾಕಿ ನೋಡಿ. ಕೂದಲಿನಷ್ಟು ಸಣ್ಣ ಪಿನ್‌ಗಳು ಸಾಲಾಗಿ ಮಿನುಗಬೇಕು. ಎಲ್ಲಾದರೂ ಒಂದು ಬಾಗಿದ್ದರೆ ಬೆಳಕು ಅಲ್ಲಿ ಬೇರೆ ಥರ ಬೀಳುತ್ತದೆ, ತಕ್ಷಣ ಕಣ್ಣಿಗೆ ಕಾಣುತ್ತದೆ. ಮನೆಗೆ ಹೋದಮೇಲೆ ಹೇಳಿದರೆ ನೀವೇ ಬಗ್ಗಿಸಿದ್ದು ಅಂತಾರೆ. ಎಎಂ4ನಲ್ಲಿ ಪಿನ್ ಇರುವುದು ಪ್ರೊಸೆಸರಿನ ಅಡಿಯಲ್ಲಿ. ಅದನ್ನೂ ಹಾಗೇ ನೋಡಿ.

ಪ್ರೊಸೆಸರ್ ಬಾಕ್ಸ್ ಪ್ಯಾಕ್‌ನಲ್ಲೇ ಇರಲಿ. 3 ವರ್ಷ ವಾರಂಟಿ ಸಿಗುತ್ತದೆ, ಜೊತೆಗೆ ಫ್ಯಾನೂ ಬರುತ್ತದೆ. ಬೇರೆ ಕೂಲರ್ ಬೇಡ.

ರ‍್ಯಾಮ್

16 ಜಿಬಿ ಹಾಕಿ. 8 ಜಿಬಿಯಲ್ಲಿ ಈಗ ಉಸಿರು ಕಟ್ಟುತ್ತದೆ. ಒಳಗಿನ ಗ್ರಾಫಿಕ್ಸ್ ತನ್ನ ಪಾಲನ್ನೂ ಇದರಿಂದಲೇ ತೆಗೆದುಕೊಳ್ಳುತ್ತದೆ ಅನ್ನುವುದು ನೆನಪಿರಲಿ.

ಅದಕ್ಕಿಂತ ಮುಖ್ಯ: 16ರ ಒಂದು ಸ್ಟಿಕ್ ಬೇಡ, 8ರ ಎರಡು ತಗೊಳ್ಳಿ. ರ‍್ಯಾಮ್‌ನಿಂದ ಪ್ರೊಸೆಸರಿಗೆ ಎರಡು ದಾರಿ ಇವೆ. ಒಂದೇ ಸ್ಟಿಕ್ ಹಾಕಿದರೆ ಒಂದು ದಾರಿ ಖಾಲಿ ಬಿದ್ದಿರುತ್ತದೆ. ಮಾಮೂಲಿ ಕೆಲಸದಲ್ಲಿ ಗೊತ್ತಾಗುವುದಿಲ್ಲ. ಆದರೆ 5600ಜಿಯಂಥ ಪ್ರೊಸೆಸರಿನಲ್ಲಿ ಗೇಮ್ ಹಾಕಿದ ತಕ್ಷಣ ವ್ಯತ್ಯಾಸ ಕಾಣುತ್ತದೆ. ನಾಲ್ಕು ಸ್ಲಾಟಿನ ಬೋರ್ಡಾದರೆ ಸಾಮಾನ್ಯವಾಗಿ ಪ್ರೊಸೆಸರಿನಿಂದ ಎರಡನೇ ಮತ್ತು ನಾಲ್ಕನೇ ಸ್ಲಾಟಿಗೆ ಹಾಕಬೇಕು. ವೇಗ 3200 ಇದ್ದರೆ ಸಾಕು. ಈಗಿನ ಬೆಲೆಯಲ್ಲಿ ಎರಡು ಕೊಳ್ಳಲು ಆಗದಿದ್ದರೆ ಒಂದು 8 ಜಿಬಿ ಹಾಕಿ ಶುರು ಮಾಡಿ, ಇನ್ನೊಂದನ್ನು ಮುಂದೆ ಸೇರಿಸಿ. ಅದೇ ಕಂಪನಿಯ ಅದೇ ಮಾಡೆಲ್ ಸಿಕ್ಕರೆ ಒಳ್ಳೆಯದು.

ಎಸ್‌ಎಸ್‌ಡಿ

ಇದಿಲ್ಲದೆ ಇವತ್ತು ಕಂಪ್ಯೂಟರ್ ಜೋಡಿಸಲೇಬಾರದು. ಹಾರ್ಡ್‌ಡಿಸ್ಕ್ ಸೆಕೆಂಡಿಗೆ 150 ಎಂಬಿ ಆಸುಪಾಸು ಓದಿದರೆ, ಕೇಬಲ್‌ನಲ್ಲಿ ಜೋಡಿಸುವ ಸಾಟಾ ಎಸ್‌ಎಸ್‌ಡಿ 550 ಓದುತ್ತದೆ. ಎಂ.2 ಸ್ಲಾಟಿನಲ್ಲಿ ಕೂರುವ ಎನ್‌ವಿಎಂಇಯಲ್ಲಿ ಜೆನ್3 (ಮೂರನೇ ತಲೆಮಾರು) ಆದರೆ 3500ರವರೆಗೆ ಹೋಗುತ್ತದೆ. 500 ಜಿಬಿಯ ಜೆನ್3 ಎನ್‌ವಿಎಂಇ ಒಂದು ಹಾಕಿ. 5600ಜಿಗೆ ಜೆನ್4 ಎಸ್‌ಎಸ್‌ಡಿ ಹಾಕಿದರೂ ಅದು ಓಡುವುದು ಜೆನ್3 ವೇಗದಲ್ಲೇ. ಸುಮ್ನೆ ಜಾಸ್ತಿ ದುಡ್ಡು ಕೊಡಬೇಡಿ. ಎರಡರ ಬೆಲೆಯೂ ಒಂದೇ ಇದ್ದರೆ ತಗೊಳ್ಳಿ, ನಷ್ಟವಿಲ್ಲ.

ಹೆಸರೇ ಕೇಳಿರದ ಕಂಪನಿಯ 1 ಟಿಬಿ, ಒಳ್ಳೇ ಕಂಪನಿಯ 500 ಜಿಬಿಗಿಂತ ಅಗ್ಗಕ್ಕೆ ಸಿಗುತ್ತಿದ್ದರೆ ಅನುಮಾನ ಪಡಿ. ಒಳಗೆ ಹಳೇ ಚಿಪ್ ಇರಬಹುದು. ಹಾಕಿದ ದಿನವೇ ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಅನ್ನುವ ಫ್ರೀ ಸಾಫ್ಟ್‌ವೇರ್‌ನಲ್ಲಿ ನೋಡಿ. “ಹೊಸದು” ಅಂತ ಕೊಟ್ಟಿದ್ದು ಸಾವಿರಾರು ಗಂಟೆ ಓಡಿದೆ ಅಂತ ತೋರಿಸಿದರೆ ಅದೇ ದಿನ ವಾಪಸ್ ಮಾಡಿ. ಮನೆಯಲ್ಲಿ ಹಳೇ ಹಾರ್ಡ್‌ಡಿಸ್ಕ್ ಇದ್ದರೆ ಎಸೆಯಬೇಡಿ, ಮದುವೆ ವಿಡಿಯೋ ಇಡಲು ಅದು ಆಗುತ್ತದೆ.

ಮಾನಿಟರ್, ಕ್ಯಾಬಿನೆಟ್, ಇತ್ಯಾದಿ

ಮಕ್ಕಳು ದಿನಕ್ಕೆ ಐದಾರು ಗಂಟೆ ನೋಡುವುದು ಪ್ರೊಸೆಸರನ್ನಲ್ಲ, ಪರದೆಯನ್ನು. 22 ಅಥವಾ 24 ಇಂಚು, ಫುಲ್ ಎಚ್‌ಡಿ, ಐಪಿಎಸ್ ಪ್ಯಾನಲ್. ಐಪಿಎಸ್ ಆದರೆ ಪಕ್ಕದಿಂದ ನೋಡಿದರೂ ಬಣ್ಣ ಕೆಡುವುದಿಲ್ಲ. ಭಾವನ 10 ಸಾವಿರದಲ್ಲಿ ದೊಡ್ಡ ಪಾಲು ಇಲ್ಲಿಗೆ ಬಂತು. ಹಳೇ ವಿಜಿಎ ಮಾನಿಟರ್ ಮನೆಯಲ್ಲಿದ್ದರೆ ಸದ್ಯಕ್ಕೆ ಅದೇ ಇರಲಿ, ಬೋರ್ಡಿನಲ್ಲಿ ವಿಜಿಎ ಪೋರ್ಟ್ ಇರುವುದನ್ನು ಆರಿಸಿಕೊಳ್ಳಿ, ಅಷ್ಟೇ.

ಕ್ಯಾಬಿನೆಟ್ ಮುಂಭಾಗ ಜಾಲರಿಯದ್ದಾಗಿರಲಿ. ಪೂರ್ತಿ ಗಾಜಿನ ಮುಖ ಇದ್ದರೆ ಗಾಳಿ ಎಲ್ಲಿಂದ ಬರಬೇಕು? ಜಾಲರಿ ಹಿಂದೆ ಧೂಳು ತಡೆಯುವ ಪರದೆ ಇದ್ದರೆ ವಾಸಿ. ನೆಲದ ಮೇಲೆ ಇಡಬೇಡಿ. ಕಸ ಗುಡಿಸಿದಾಗ ಏಳುವ ಧೂಳೆಲ್ಲ ಅದೇ ನುಂಗುತ್ತದೆ. ಒಂದು ಮಣೆಯೋ ಸ್ಟೂಲೋ ಸಾಕು. ಹಿಂದಿನ ಸ್ಲಾಟ್‌ಗಳ ತಗಡಿನ ಪಟ್ಟಿ ಬಿದ್ದುಹೋಗಿದ್ದರೆ ಮುಚ್ಚಿಸಿ. ನಗಬೇಡಿ, ಕ್ಯಾತ್ಸಂದ್ರದ ಸ್ನೇಹಿತರ ಮನೆಯಲ್ಲಿ ಬೋರ್ಡ್ ಸುಟ್ಟದ್ದು ಆ ತೂತಿನಿಂದ ನುಗ್ಗಿದ ಹಲ್ಲಿಯಿಂದ. ಬಿಚ್ಚಿದಾಗ ಅದು ಅಲ್ಲೇ ಒಣಗಿತ್ತು.

ಕೀಬೋರ್ಡ್, ಮೌಸ್: ವೈರ್ ಇರುವ ಸಾದಾ ಸೆಟ್. ಕನ್ನಡ ಟೈಪಿಗೆ ಬೇರೆ ಕೀಬೋರ್ಡ್ ಬೇಡ. ವಿಂಡೋಸ್‌ನಲ್ಲಿ ನುಡಿ ಅನ್ನುವ ಸಾಫ್ಟ್‌ವೇರ್ ಹಾಕಿಕೊಳ್ಳಬಹುದು. ವಿಂಡೋಸ್ ಬದಲು ಫ್ರೀ ಸಿಗುವ ಲಿನಕ್ಸ್‌ನಲ್ಲೂ ನುಡಿಯ ಅದೇ ಕೆಜಿಪಿ (ಕನ್ನಡ ಗಣಕ ಪರಿಷತ್ತಿನ) ಕೀಲಿ ವಿನ್ಯಾಸ ಸಿಗುತ್ತದೆ. ಅಸಲಿ ವಿಂಡೋಸ್‌ಗೆ ದುಡ್ಡು ಬೇಕು, ಪಟ್ಟಿ ಬರೆಯುವಾಗ ಅದನ್ನೂ ಸೇರಿಸಿ. ಅಂಗಡಿಯವರು ಫ್ರೀ ಹಾಕಿಕೊಡುವುದು ಬಹುತೇಕ ಕ್ರ್ಯಾಕ್ ಮಾಡಿದ್ದು. ದುಡ್ಡಿಲ್ಲ ಅಂದರೆ ಉಬುಂಟು ಅಥವಾ ಲಿನಕ್ಸ್ ಮಿಂಟ್ ಹಾಕಿ. ಇಂಜಿನಿಯರಿಂಗ್ ಓದುವವರಿಗೆ ಅದು ಹೇಗೂ ಬೇಕಾಗುತ್ತದೆ.

ಎಲ್ಲಿ ಕೊಳ್ಳುವುದು

ತುಮಕೂರಿನವರಿಗೆ ಒಂದು ಅನುಕೂಲ ಇದೆ. 70 ಕಿಲೋಮೀಟರ್ ದೂರದಲ್ಲಿ ಬೆಂಗಳೂರಿನ ಎಸ್.ಪಿ. ರೋಡ್. ಬೆಳಿಗ್ಗೆ ರೈಲು ಹತ್ತಿದರೆ ಮಧ್ಯಾಹ್ನದೊಳಗೆ ಹತ್ತು ಅಂಗಡಿ ಸುತ್ತಬಹುದು. ಭಾನುವಾರ ಹೋಗಬೇಡಿ, ಬಹುತೇಕ ಮುಚ್ಚಿರುತ್ತದೆ. ಆದರೆ ಎಲ್ಲವನ್ನೂ ಅಲ್ಲಿಂದಲೇ ತರುವುದು ಜಾಣತನ ಅಲ್ಲ.

ನಾನು ಹೀಗೆ ಹಂಚುತ್ತೇನೆ. ಪ್ರೊಸೆಸರ್, ರ‍್ಯಾಮ್, ಎಸ್‌ಎಸ್‌ಡಿ ಸಣ್ಣವು, ಬ್ಯಾಗಿನಲ್ಲಿ ಬರುತ್ತವೆ, ಕೆಡುವುದೂ ಕಡಿಮೆ. ಇವನ್ನು ಎಸ್.ಪಿ. ರೋಡಿನಲ್ಲೋ ಆನ್‌ಲೈನಿನಲ್ಲೋ ಎಲ್ಲಿ ಅಗ್ಗವೋ ಅಲ್ಲಿ ತಗೊಳ್ಳಿ. ಎಸ್ಎಂಪಿಎಸ್, ಯುಪಿಎಸ್, ಮಾನಿಟರ್ ಭಾರ, ಕೆಡುವುದೂ ಅವೇ ಜಾಸ್ತಿ. ಇವನ್ನು ತುಮಕೂರಿನ ಎಂ.ಜಿ. ರೋಡೋ ಬಿ.ಎಚ್. ರೋಡೋ, ಸ್ಕೂಟರಿನಲ್ಲಿ ಹೋಗಿ ವಾಪಸ್ ಕೊಡಬಹುದಾದ ಕಡೆ ಕೊಳ್ಳಿ. ಇನ್ನೂರು ಮುನ್ನೂರು ಜಾಸ್ತಿ ಆದರೂ ಪರವಾಗಿಲ್ಲ. ಕೆಟ್ಟ ಮಾನಿಟರನ್ನು ರೈಲಿನಲ್ಲಿ ಹೊತ್ತುಕೊಂಡು ಹೋಗಿದ್ದೇನೆ, ಅದಕ್ಕೇ ಹೇಳುತ್ತಿದ್ದೇನೆ. ಮದರ್‌ಬೋರ್ಡ್ ಎರಡರ ಮಧ್ಯೆ, ಬೆಲೆ ವ್ಯತ್ಯಾಸ ನೋಡಿ ತೀರ್ಮಾನ ಮಾಡಿ.

“ಬಿಲ್ ಬೇಕಾ, ಬೇಡ್ವಾ ಸಾರ್?” ಅಂತ ಕೇಳಿಯೇ ಕೇಳುತ್ತಾರೆ. ಬಿಡಿಭಾಗಗಳ ಮೇಲೆ 18% ಜಿಎಸ್‌ಟಿ ಇದೆ, ಉಳಿಸುವ ಆಸೆ ಆಗುವುದು ಸಹಜ. ಬಿಲ್ ಇಲ್ಲದಿದ್ದರೆ ವಾರಂಟಿಗೆ ಪರದಾಡಬೇಕು. ಬೆಲೆ ಕೇಳುವಾಗಲೇ “ಜಿಎಸ್‌ಟಿ ಸೇರಿ ಎಷ್ಟು?” ಅಂತ ಕೇಳಿ. ಬಿಲ್‌ನಲ್ಲಿ ಪ್ರತಿ ಪಾರ್ಟ್‌ನ ಸೀರಿಯಲ್ ನಂಬರ್ ಬರೆಸಿ. ಕೊಟೇಶನ್‌ನಲ್ಲಿ “500 ಜಿಬಿ ಎಸ್‌ಎಸ್‌ಡಿ, 450 ವ್ಯಾಟ್ ಎಸ್ಎಂಪಿಎಸ್” ಅಂತಷ್ಟೇ ಇದ್ದರೆ ಒಪ್ಪಬೇಡಿ. ಕಂಪನಿ, ಮಾಡೆಲ್ ಎರಡೂ ಇರಬೇಕು. ಅಂಗಡಿಯವರು ಜಾರಿಕೊಳ್ಳುವುದು ಅಲ್ಲೇ. ಆನ್‌ಲೈನಿನಲ್ಲಿ ತರಿಸಿದರೆ ಪಾರ್ಸೆಲ್ ಬಿಚ್ಚುವಾಗ ಕಟ್ ಇಲ್ಲದೆ ಒಂದೇ ವಿಡಿಯೋ ಮಾಡಿಕೊಳ್ಳಿ.

ಕ್ಯಾಬಿನೆಟ್ಟಿಗೆ ಹಾಕುವ ಮೊದಲು

ಎಲ್ಲ ಬಂದಮೇಲೆ ಗಡಿಬಿಡಿ ಮಾಡಬೇಡಿ. ಮದರ್‌ಬೋರ್ಡಿನ ರಟ್ಟಿನ ಡಬ್ಬದ ಮೇಲೇ ಬೋರ್ಡ್ ಇಟ್ಟು, ಪ್ರೊಸೆಸರ್, ಫ್ಯಾನ್, ರ‍್ಯಾಮ್ ಹಾಕಿ. ಎಸ್ಎಂಪಿಎಸ್‌ನ 24 ಪಿನ್ ಕೇಬಲ್ ಮತ್ತು ಪ್ರೊಸೆಸರ್ ಪಕ್ಕದ 8 ಪಿನ್ ಕೇಬಲ್ ಎರಡನ್ನೂ ಚುಚ್ಚಿ. ಎರಡನೆಯದನ್ನು ಮರೆಯುವವರೇ ಜಾಸ್ತಿ. ಮಾನಿಟರ್ ಕೇಬಲ್ ಬೋರ್ಡಿಗೆ. ಪವರ್ ಸ್ವಿಚ್ ಪಿನ್ ಎರಡನ್ನು ಸ್ಕ್ರೂಡ್ರೈವರ್ ತುದಿಯಿಂದ ಒಂದು ಕ್ಷಣ ಮುಟ್ಟಿಸಿದರೆ ಸ್ಟಾರ್ಟ್ ಆಗುತ್ತದೆ. ಪರದೆ ಬಂತು ಅಂದರೆ ಪಾರ್ಟ್‌ಗಳು ಚೆನ್ನಾಗಿವೆ. ಬರಲಿಲ್ಲ ಅಂದರೆ ಕರೆಂಟ್ ತೆಗೆದು ರ‍್ಯಾಮ್ ಬಿಚ್ಚಿ, “ಟಕ್” ಅನ್ನುವವರೆಗೆ ಮತ್ತೆ ಒತ್ತಿ. ಆಗಲೂ ಬರದಿದ್ದರೆ ಒಂದೇ ಸ್ಟಿಕ್ ಹಾಕಿ ನೋಡಿ.

ಬಯಾಸ್ ಒಳಗೆ ಹೋಗಿ ರ‍್ಯಾಮ್ ಪೂರಾ 16 ತೋರಿಸುತ್ತಿದೆಯಾ, ವೇಗ 3200 ಇದೆಯಾ ನೋಡಿ. 2400ರಲ್ಲೋ 2666ರಲ್ಲೋ ನಿಂತಿದ್ದರೆ, ಪೂರ್ತಿ ವೇಗ ಕೊಡಿಸುವ ಎಕ್ಸ್‌ಎಂಪಿ ಅನ್ನುವ ಸೆಟ್ಟಿಂಗ್ ಆನ್ ಮಾಡಿ. ಎಎಂಡಿ ಬೋರ್ಡುಗಳಲ್ಲಿ ಇದಕ್ಕೆ ಡಿಒಸಿಪಿ ಅಂತಲೂ ಹೆಸರಿರಬಹುದು. ಮೊದಲ ವಾರ ದಿನಾ ಚೆನ್ನಾಗಿ ಓಡಿಸಿ. ಹಾಳಾಗುವ ಪಾರ್ಟ್ ಆಗಲೇ ಹಾಳಾದರೆ ಅಂಗಡಿಯವರು ಬದಲಾಯಿಸಿಕೊಡುತ್ತಾರೆ.

ಡಬ್ಬಗಳನ್ನು ವಾರಂಟಿ ಮುಗಿಯುವವರೆಗೆ ಇಟ್ಟುಕೊಳ್ಳಿ, ಸೀರಿಯಲ್ ನಂಬರ್ ಅದರ ಮೇಲೇ ಇರುತ್ತದೆ. ಗುಬ್ಬಿಯಲ್ಲಿ ಎಲ್ಲವನ್ನೂ ಅಟ್ಟಕ್ಕೆ ಏರಿಸಿದೆವು. ದೀಪಾವಳಿ ಕ್ಲೀನಿಂಗ್‌ನಲ್ಲಿ ಅಕ್ಕ ಗುಜರಿಗೆ ಹಾಕುತ್ತಾಳೆ ಅಂತ ಗೊತ್ತಿತ್ತು. ಅದಕ್ಕೇ ಪ್ರತಿ ಡಬ್ಬದ ಮೇಲೂ ಮಾರ್ಕರ್‌ನಲ್ಲಿ “ಮುಟ್ಟಬೇಡ ಅಕ್ಕ” ಅಂತ ಬರೆದು ಬಂದೆ.